ಪುಟ್ಟ ಮಕ್ಕಳ ಚಿತ್ರ ಪ್ರದರ್ಶನ ಇಟ್ಟರೆ ಮನೆಯವರು ಶಾಲೆಯ ಒಳಗೆ ಬರ್ತಾರಾ?

ನಲಿಕಲಿ ಟೀಚರ್ · ಜೂನ್ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಾನು ಮಲ್ಪೆ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇದ್ದೇನೆ. ಒಂದರಿಂದ ಮೂರನೇ ಕ್ಲಾಸನ್ನು ಒಟ್ಟಿಗೆ ಕಲಿಸುವ ನಲಿಕಲಿಯಲ್ಲಿ 46 ಮಕ್ಕಳು, ಅದೇ ಕಂಪೌಂಡಿನ ಅಂಗನವಾಡಿಯ 18 ಮಕ್ಕಳು.

ಮನೆಯವರು ಶಾಲೆಯ ಒಳಗೆ ಬರುವುದೇ ಇಲ್ಲ. ಮೊದಲು ಹೀಗಿರಲಿಲ್ಲ. ಅಮ್ಮಂದಿರು ಬೆಳಿಗ್ಗೆ ಕ್ಲಾಸಿನವರೆಗೆ ಬಂದು, ಜಗಲಿಯಲ್ಲಿ ಕೂತು, ಎರಡು ಮಾತಾಡಿ ಹೋಗುತ್ತಿದ್ದರು. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. 2021ರ ಅಕ್ಟೋಬರ್ ಕೊನೆಗೆ ಸಣ್ಣ ಕ್ಲಾಸುಗಳು, ನವೆಂಬರಿನಲ್ಲಿ ಅಂಗನವಾಡಿ ತೆರೆದಾಗ "ಗೇಟಿನ ಹೊರಗೇ ನಿಲ್ಲಿ" ಅಂತ ನಾವೇ ಹೇಳಿದೆವು. ಆ ನಿಯಮ ಹೋಗಿ ಎಷ್ಟೋ ಕಾಲವಾಯಿತು. ಗೇಟಿನಲ್ಲಿ ನಿಲ್ಲುವ ಅಭ್ಯಾಸ ಮಾತ್ರ ಹೋಗಲಿಲ್ಲ. ಈಗ ಎಲ್ಲ ಮಾತೂ ವಾಟ್ಸಾಪ್ ಗ್ರೂಪಿನಲ್ಲೇ. ಕಳೆದ ಪೋಷಕರ ಸಭೆಗೆ ಬಂದವರು 19 ಜನ. ಅದರಲ್ಲಿ ಅಪ್ಪಂದಿರು ಒಬ್ಬರೂ ಇಲ್ಲ.

ಮೊನ್ನೆ ಒಂದನೇ ಕ್ಲಾಸಿನ ಹುಡುಗನೊಬ್ಬ ಬೋಟಿನ ಚಿತ್ರ ಬಿಡಿಸಿದ. ಬೋಟಿನಲ್ಲಿ ಏಳು ಜನ. ಆರು ಜನಕ್ಕೆ ದೊಡ್ಡ ದೊಡ್ಡ ಬಾಯಿ. ಒಬ್ಬನಿಗೆ ಬಾಯಿಯೇ ಇಲ್ಲ. "ಇದು ಯಾರು?" ಅಂತ ಕೇಳಿದೆ. "ಅಪ್ಪ. ರೇಂಜ್ ಇಲ್ಲ" ಅಂದ.

ಅದನ್ನು ನಾನೊಬ್ಬಳೇ ನೋಡಿ ಕಪಾಟಿನಲ್ಲಿ ಇಡುವುದು ಸರಿಯಲ್ಲ ಅಂತ ಆ ದಿನವೇ ಅನಿಸಿತು. ಎಲ್ಲ ಮಕ್ಕಳ ಚಿತ್ರ ತೂಗುಹಾಕಿ ಮನೆಯವರನ್ನು ಕರೆಯುವ ಅಂತ ಇದ್ದೇನೆ. ಬರ್ತಾರಾ? ಯಾವ ದಿನ ಇಡಲಿ? ಬಹುಮಾನ ಬೇಕಾ? ಮಾಡಿದ ಅನುಭವ ಇದ್ದವರು ಹೇಳಿ.

ಸುರತ್ಕಲ್ ಅಮ್ಮ · 9:58

ಬರ್ತಾರೆ ಟೀಚರ್, ಖಂಡಿತ. ಆದರೆ ಗ್ರೂಪಿನಲ್ಲಿ ಮೆಸೇಜ್ ಹಾಕಿ ಕರೆಯಬೇಡಿ. ದಿನಕ್ಕೆ ನೂರು ಮೆಸೇಜ್ ಬರುತ್ತದೆ, ಯಾರು ಓದುತ್ತಾರೆ? ಮಗುವಿನ ಕೈಯಲ್ಲೇ ಕರೆಯೋಲೆ ಮಾಡಿಸಿ. ಕಾಗದ ಮಡಚಿ, ಮೇಲೆ ಒಂದು ಚಿತ್ರ, ಒಳಗೆ "ಅಮ್ಮ ಬಾ" ಅಂತ ಅದಕ್ಕೆ ಬಂದ ಹಾಗೆ ಬರೆಯಲಿ. ನನ್ನ ಮಗಳು ಯುಕೆಜಿಯಲ್ಲಿ ಇದ್ದಾಗ ಹಾಗೆ ಒಂದು ತಂದಿದ್ದಳು. ಅದು ಇವತ್ತಿಗೂ ನಮ್ಮ ಫ್ರಿಜ್ಜಿನ ಮೇಲೆ ಉಂಟು. ನಾವು ಅವತ್ತು ರಜೆ ಹಾಕಿ ಹೋಗಿದ್ದೆವು.

ಪಡುಬಿದ್ರಿ ಪುಟ್ಟಿ · 10:05

ಶನಿವಾರ ಬೇಡ. ಭಾನುವಾರ ಇಡಿ.

ಬೋಟಿನವ · 10:31

ಟೀಚರ್, ನಿಮ್ಮ ಶಾಲೆ ಮಲ್ಪೆ ಕಡೆ ಅಂತೀರಿ. ಹಾಗಾದರೆ ಶನಿವಾರ ಭಾನುವಾರದ ಲೆಕ್ಕ ಬಿಡಿ. ಆಳಸಮುದ್ರದ ಬೋಟಿಗೆ ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ಬಂದ ದಿನ ಮೀನು ಇಳಿಸಿ, ಐಸು ಡೀಸೆಲ್ ತುಂಬಿಸಿ, ಮನೆಯಲ್ಲಿ ಮಲಗಿದರೆ ಮತ್ತೆ ಹೊರಡುವ ಹೊತ್ತು.

ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟಿಗೆ ರಜೆ. ಎಲ್ಲರೂ ಊರಿನಲ್ಲೇ ಇರುತ್ತೇವೆ. ಬಲೆ ನೇಯುವುದು, ಬೋಟು ರಿಪೇರಿ, ಅಷ್ಟೇ ಕೆಲಸ. ನಿಮ್ಮ ಪ್ರದರ್ಶನ ಈ ಎರಡು ತಿಂಗಳ ಒಳಗೆ ಇಡಿ. ಶಾಲೆಯ ವಾರ್ಷಿಕೋತ್ಸವ ಎಲ್ಲ ಡಿಸೆಂಬರ್ ಜನವರಿಗೆ ಇಡುತ್ತಾರೆ. ನನ್ನ ಇಬ್ಬರು ಮಕ್ಕಳ ಒಂದೇ ಒಂದು ಡ್ಯಾನ್ಸ್ ನಾನು ನೋಡಿಲ್ಲ. ದೊಡ್ಡವಳು ಈಗ ಪಿಯುಸಿ.

ನಲಿಕಲಿ ಟೀಚರ್ · 10:44

ಅಣ್ಣ, ಇಷ್ಟು ವರ್ಷ ಇಲ್ಲೇ ಇದ್ದೇನೆ, ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆದರೆ ಜೂನಿನಲ್ಲಿ ಅಂಗನವಾಡಿ ಮಕ್ಕಳು ಇನ್ನೂ ಅಳುತ್ತಿರುತ್ತವೆ. ಜುಲೈ ಕೊನೆ ಆಗಬಹುದಾ?

ನಾಡದೋಣಿ ಮನೆ · 10:50

ಬೋಟಿನ ಅಣ್ಣ ಹೇಳಿದ್ದು ಬೋಟಿನವರಿಗೆ ಮಾತ್ರ ಸರಿ. ನಾಡದೋಣಿಯವರಿಗೆ ರಜೆ ಇಲ್ಲ, ನಮಗೆ ಮಳೆಗಾಲದಲ್ಲೇ ದುಡಿಮೆ. ಕಡಲು ಒಂಚೂರು ತಣಿದರೆ ಬೆಳಿಗ್ಗೆಯೇ ಇಳಿಯುತ್ತಾರೆ. ಅದಕ್ಕೆ ಟೀಚರ್, ಬೆಳಿಗ್ಗೆ ಇಡಬೇಡಿ. ಸಂಜೆ ಇಡಿ. ಸಂಜೆ ಆದರೆ ಎರಡೂ ಕಡೆಯವರು ಸಿಗುತ್ತಾರೆ.

ಕಾಪು ಅಜ್ಜಿ (ಮೊಮ್ಮಗಳು ಬರೆದುಕೊಡುವುದು) · ಜೂನ್ 13, ಬೆಳಿಗ್ಗೆ 7:15

ಸಂಜೆಯೇ ಒಳ್ಳೆಯದು ಮಗಾ. ಬೀಡಿ ಕಟ್ಟುವವರು, ಸಿಗಡಿ ಸುಲಿಯುವವರು ಹಗಲು ಎದ್ದು ಬಂದರೆ ಆ ದಿನದ ಸಂಬಳ ಹೋಯಿತು. ಶಾಲೆಗೆ ಬರಲಿಲ್ಲ ಅಂತ ಟೀಚರುಗಳು ಬೇಜಾರು ಮಾಡುತ್ತಾರೆ. ಬರುವ ಆಸೆ ಇಲ್ಲದೆ ಅಲ್ಲ. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ದಿನ ಯಾವುದು ಅಂತ ಕೇಳಿಕೊಂಡು ದಿನ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಅಜ್ಜಿಯರನ್ನೂ ಕರೆಯಿರಿ. "ಪೋಷಕರ ಸಭೆ" ಅಂದರೆ ನಮ್ಮನ್ನಲ್ಲ ಅಂತ ನಾವು ಮನೆಯಲ್ಲೇ ಕೂತುಬಿಡುತ್ತೇವೆ. ಮಗುವನ್ನು ಮೀಯಿಸಿ ಬಾಚಿ ಕಳಿಸುವುದು ನಾವೇ ಅಲ್ವಾ?

ಕಾವೂರು ಅಪ್ಪ · 8:02

ಎಲ್ಲ ಸರಿ, ಬಹುಮಾನದ ವಿಷಯ ಯಾರೂ ಹೇಳಲಿಲ್ಲ. ನನ್ನ ಅಭಿಪ್ರಾಯ: ಬಹುಮಾನ ಇರಲೇಬೇಕು. ಸಣ್ಣದೇ ಇರಲಿ, ಒಂದು ಟಿಫಿನ್ ಬಾಕ್ಸ್. ಬಹುಮಾನ ಇದ್ದರೆ ಮಕ್ಕಳಿಗೆ ಹುರುಪು, ಮನೆಯವರಿಗೂ ಬರುವ ಮನಸ್ಸು. ನಾನು ಐದನೇ ಕ್ಲಾಸಿನಲ್ಲಿ ಗೆದ್ದ ಸ್ಟೀಲ್ ತಟ್ಟೆ ಇನ್ನೂ ಇಟ್ಟುಕೊಂಡಿದ್ದೇನೆ.

ಡ್ರಾಯಿಂಗ್ ಮಾಸ್ಟ್ರು (ನಿವೃತ್ತ) · 8:40

ನಾನು 31 ವರ್ಷ ಡ್ರಾಯಿಂಗ್ ಕಲಿಸಿದವನು. ಕಾವೂರಿನವರೇ, ನಿಮ್ಮದು ಐದನೇ ಕ್ಲಾಸ್. ಇಲ್ಲಿ ಮಾತಾಡುತ್ತಿರುವುದು ಮೂರರಿಂದ ಎಂಟು ವರ್ಷದ ಮಕ್ಕಳ ಬಗ್ಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವಿಕ್ಟರ್ ಲೊವೆನ್‌ಫೆಲ್ಡ್ ಅಂತ ಒಬ್ಬರು 1947ರಲ್ಲಿ ಮಕ್ಕಳ ಚಿತ್ರದ ಬೆಳವಣಿಗೆ ಬಗ್ಗೆ ಒಂದು ಪುಸ್ತಕ ಬರೆದರು. ಅವರ ಲೆಕ್ಕದಲ್ಲಿ ಎರಡರಿಂದ ನಾಲ್ಕು ವರ್ಷ ಗೀಚುವ ಕಾಲ. ನಾಲ್ಕರಿಂದ ಏಳು, ಗೀಚಿದ್ದರಲ್ಲಿ ಮನುಷ್ಯ, ಮನೆ ಎಲ್ಲ ಮೂಡುವ ಕಾಲ. ತಲೆಯಿಂದಲೇ ಕಾಲು ಹೊರಡುತ್ತದೆ, ನೋಡಿರುತ್ತೀರಿ. ಏಳರಿಂದ ಒಂಬತ್ತರಲ್ಲಿ ಕೆಳಗೆ ಒಂದು ನೆಲದ ಗೆರೆ ಬರುತ್ತದೆ, ಎಲ್ಲವೂ ಅದರ ಮೇಲೆ ಸಾಲಾಗಿ ನಿಲ್ಲುತ್ತದೆ. ಗೋಡೆಯ ಒಳಗಿರುವುದೂ ಕಾಣುವ ಹಾಗೆ ಬಿಡಿಸುತ್ತಾರೆ. ಬೆಕ್ಕಿನ ಹೊಟ್ಟೆಯಲ್ಲಿ ಮೀನು ಕಾಣುತ್ತದೆ. ಅದು ತಪ್ಪಲ್ಲ. ಮಗುವಿಗೆ ಗೊತ್ತಿರುವುದನ್ನು ಅದು ಬಿಡಿಸುತ್ತದೆ, ಕಣ್ಣಿಗೆ ಕಂಡಷ್ಟನ್ನೇ ಅಲ್ಲ.

ಈಗ ಹೇಳಿ, ಗೀಚುವ ಮಗುವಿಗೂ ನೆಲದ ಗೆರೆ ಹಾಕುವ ಮಗುವಿಗೂ ಯಾವ ಮಾರ್ಕು ಇಟ್ಟು ಮೊದಲ ಬಹುಮಾನ ಕೊಡುತ್ತೀರಿ? ದೊಡ್ಡವರ ಕಣ್ಣಿಗೆ ನೀಟಾಗಿ ಕಂಡದ್ದಕ್ಕೇ ಹೋಗುತ್ತದೆ. ಅದು ಹೆಚ್ಚಿನ ಸಲ ಅಮ್ಮ ಬಿಡಿಸಿಕೊಟ್ಟದ್ದು.

ಬ್ರಹ್ಮಾವರ ಹುಡುಗಿ · 8:55

ಮಾಸ್ಟ್ರೇ ನೂರಕ್ಕೆ ನೂರು ನಿಜ. ನಾನು ಚಿತ್ರ ಸ್ಪರ್ಧೆಗೆ ಹೋದಾಗೆಲ್ಲ ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ನಾಲ್ಕು ಹಕ್ಕಿ. ಕಲಿಸಿಕೊಟ್ಟದ್ದೇ ಅದು. ನಮ್ಮ ಮನೆಯಿಂದ ದಿನಾ ಸೂರ್ಯ ಕಡಲಿಗೆ ಇಳಿಯುವುದು ಕಾಣುತ್ತಿತ್ತು. ಅದನ್ನು ಒಮ್ಮೆಯೂ ಬಿಡಿಸಲಿಲ್ಲ.

ಬಿಜೈ ಓದುಗ · 9:10

ಗುಡ್ಡದ ನಡುವೆ ಸೂರ್ಯ ಸುಳ್ಳಲ್ಲ ಕಣ್ರೀ. ನಮ್ಮ ಮೂಡಲ ದಿಕ್ಕಿನಲ್ಲಿ ಘಟ್ಟ ಉಂಟಲ್ಲ, ಬೆಳಿಗ್ಗೆ ಅಲ್ಲಿಂದಲೇ ಮೂಡುವುದು.

ಬ್ರಹ್ಮಾವರ ಹುಡುಗಿ · 9:14

ಮೂಡುವುದು ಹೌದು. ಅದನ್ನು ನೋಡಿ ಬಿಡಿಸಿದ್ದರೆ ಸರಿ. ನಾವು ಬೋರ್ಡು ನೋಡಿ ಬಿಡಿಸಿದ್ದೆವು. ನನ್ನ ಸಂಕಟ ಅದು.

ಬಿಜೈ ಓದುಗ · 9:30

ಅದು ಒಪ್ಪಿದೆ. ಬಹುಮಾನದ ಬಗ್ಗೆ ನಾನು ಓದಿದ ಒಂದು ವಿಷಯ ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡಿನ ನರ್ಸರಿ ಶಾಲೆಯಲ್ಲಿ ಮಾರ್ಕ್ ಲೆಪರ್ ಮತ್ತು ಇನ್ನಿಬ್ಬರು ಒಂದು ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದರು. ಚಿತ್ರ ಬಿಡಿಸುವುದು ಮೊದಲೇ ಇಷ್ಟ ಇದ್ದ ಮೂರರಿಂದ ಐದು ವರ್ಷದ ಮಕ್ಕಳು. ಕೆಲವರಿಗೆ "ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ಮತ್ತೆ ಸ್ಕೆಚ್ ಪೆನ್ನು ಇಟ್ಟು ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಿಡಿಸಿದರು. ಬಹುಮಾನದ ಮಾತು ಬಂದ ಮೇಲೆ ಆಟ ಕೆಲಸ ಆಗಿಬಿಟ್ಟಿತು.

ಕಾವೂರು ಅಪ್ಪ · 9:52

ಹಾಗಾದರೆ ಮೊದಲು ಹೇಳದೆ ಕೊನೆಗೆ ಎಲ್ಲರಿಗೂ ಕೊಟ್ಟರೆ ತೊಂದರೆ ಇಲ್ಲ ಅಂತ ಆಯ್ತಲ್ಲ, ನಿಮ್ಮ ಪ್ರಯೋಗದ ಪ್ರಕಾರವೇ? 64 ಮಕ್ಕಳಿಗೂ ಒಂದೊಂದು ಕ್ರೇಯಾನ್ ಪ್ಯಾಕೆಟ್ ನಾನು ಕೊಡುತ್ತೇನೆ. ಟೀಚರ್ ಒಪ್ಪಿದರೆ.

ನಲಿಕಲಿ ಟೀಚರ್ · 10:15

ತುಂಬ ಖುಷಿಯಾಯಿತು ಅಣ್ಣ. ಆದರೆ ಪ್ರದರ್ಶನದ ದಿನ ಬೇಡ, ಮೊದಲೇ ಕೊಡಿ. ನಮ್ಮಲ್ಲಿ ಈಗ ಇರುವುದು ಮುರಿದ ತುಂಡುಗಳು, ಕೆಂಪು ಮುಗಿದೇ ಹೋಗಿದೆ. ಮೆಸೇಜ್ ಕಳಿಸಿದ್ದೇನೆ.

ಮತ್ತೆ ತೂಗುಹಾಕುವುದು ಹೇಗೆ? ಗೋಡೆಗೆ ಟೇಪ್ ಅಂಟಿಸಿದರೆ ಮಳೆಗಾಲದ ಪಸೆಗೆ ರಾತ್ರಿಯೇ ಬಿದ್ದುಹೋಗುತ್ತದೆ.

ಪಡುಬಿದ್ರಿ ಪುಟ್ಟಿ · 10:20

ನಲಿಕಲಿ ಕೋಣೆಯಲ್ಲಿ ಮೇಲೆ ಚಪ್ಪರ ಉಂಟಲ್ವಾ, ಮಕ್ಕಳ ಕೆಲಸ ತೂಗುಹಾಕಲಿಕ್ಕೇ ಇರುವುದು?

ಡ್ರಾಯಿಂಗ್ ಮಾಸ್ಟ್ರು (ನಿವೃತ್ತ) · 10:47

ಚಪ್ಪರ ಎತ್ತರ ಆಯಿತು. ದೊಡ್ಡವರೇ ಕತ್ತು ಎತ್ತಿ ನೋಡಬೇಕು. ಚಿತ್ರ ಬಿಡಿಸಿದ ಮಗುವಿನ ಕಣ್ಣಿನ ಎತ್ತರಕ್ಕೆ ಕಟ್ಟಿ, ಮೂರು ಅಡಿ ಸಾಕು. ಕಿಟಕಿಯಿಂದ ಕಿಟಕಿಗೆ ಹುರಿಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪು ಹಾಕಿ. ಹಿಂದೆ ರಟ್ಟು ಕೊಟ್ಟರೆ ಕಾಗದ ಸುರುಟುವುದಿಲ್ಲ. ದೊಡ್ಡವರು ಬಗ್ಗಬೇಕಾಗುತ್ತದೆ, ಬಗ್ಗಲಿ. ಬಗ್ಗಿದಾಗ ಮಗುವಿನ ಮುಖ ಪಕ್ಕದಲ್ಲೇ ಇರುತ್ತದೆ. ಆಗಲೇ ಅದು ಮಾತಾಡುವುದು.

ಕಾಗದಕ್ಕೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೇಳಿ. ಕತ್ತರಿಸಿ ಉಳಿದ ತುಂಡುಗಳು ರಾಶಿ ಇರುತ್ತವೆ, ಸುಮ್ನೆ ಕೊಡುತ್ತಾರೆ. ಬಣ್ಣವೂ ಅಡುಗೆ ಮನೆಯಲ್ಲೇ ಉಂಟು. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕಣ್ಣೆದುರೇ ಕೆಂಪಾಗುತ್ತದೆ. ಸುಣ್ಣ ನೀವೇ ಹಾಕಿ, ಮಕ್ಕಳ ಕೈಗೆ ಕೊಡಬೇಡಿ. ಮತ್ತೆ ಇದ್ದಿಲು, ಕೆಮ್ಮಣ್ಣು. ಬಿಳಿ ಮೇಣದ ಬತ್ತಿಯಿಂದ ಗೆರೆ ಎಳೆದು ಮೇಲೆ ಕೆಮ್ಮಣ್ಣಿನ ನೀರು ಬಳಿಯಿರಿ, ಗೆರೆ ಬೆಳ್ಳಗೆ ಉಳಿಯುತ್ತದೆ. ನಮ್ಮ ಕರಾವಳಿಯ ಹಳೇ ದೇವಸ್ಥಾನಗಳ ಕಾವಿ ಚಿತ್ರ ನೋಡಿದ್ದೀರಲ್ಲ? ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಕೆರೆದು ಬಿಳಿ ತೋರಿಸುವುದು. ಮಕ್ಕಳಿಗೆ ಅದರ ಮೊದಲ ರುಚಿ ಇದು.

ನಾಡದೋಣಿ ಮನೆ · 10:52

ನಮ್ಮ ಊರಿನ ಹೆಸರೇ ಕೆಮ್ಮಣ್ಣು. ಮಣ್ಣು ಬೇಕಿದ್ದರೆ ಒಂದು ಬಕೆಟ್ ತಂದುಕೊಡುತ್ತೇನೆ ಟೀಚರ್.

ಬಿಜೈ ಓದುಗ · 11:05

ಮಕ್ಕಳನ್ನು ಒಮ್ಮೆ ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಬನ್ನಿ. ಇಟಲಿಯಿಂದ ಬಂದ ಚಿತ್ರಕಾರ ಮೊಸ್ಕೇನಿ 1899ರ ಸುಮಾರಿಗೆ ಗೋಡೆ, ಮಾಡು ಎಲ್ಲ ತುಂಬಿಸಿಬಿಟ್ಟಿದ್ದಾರೆ. ಎಲ್ಲ ಹಸಿ ಗಾರೆಯ ಮೇಲಿನ ಚಿತ್ರ.

ಡ್ರಾಯಿಂಗ್ ಮಾಸ್ಟ್ರು (ನಿವೃತ್ತ) · 11:12

ಎಲ್ಲವೂ ಹಸಿ ಗಾರೆ ಅಲ್ಲ. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದವೂ ಅಲ್ಲಿ ಉಂಟು. ಆದರೆ ಉಡುಪಿಯಿಂದ ಅಷ್ಟು ದೂರ ಯಾಕೆ, ಮಣಿಪಾಲದಲ್ಲಿ ಚಿತ್ರಕಾರ ಹೆಬ್ಬಾರರ ಹೆಸರಿನ ಗ್ಯಾಲರಿ ಇಲ್ವಾ? ಕೆ.ಕೆ. ಹೆಬ್ಬಾರ್ 1911ರಲ್ಲಿ ಹುಟ್ಟಿದ್ದು ಇಲ್ಲೇ ಕಟ್ಟಿಂಗೇರಿಯಲ್ಲಿ. ಅವರ ಗೆರೆ ನೋಡಿ, ಒಂದೇ ಎಳೆತದಲ್ಲಿ ಮನುಷ್ಯ ಕುಣಿಯುತ್ತಾನೆ. ಮಕ್ಕಳಿಗೆ ಅದು ತಕ್ಷಣ ಹಿಡಿಸುತ್ತದೆ, ಯಾಕೆಂದರೆ ಮಕ್ಕಳೂ ಗೆರೆಯಲ್ಲೇ ಯೋಚನೆ ಮಾಡುವುದು.

ಕಾಪು ಅಜ್ಜಿ (ಮೊಮ್ಮಗಳು ಬರೆದುಕೊಡುವುದು) · 11:40

ಪುತ್ತೂರಿನ ಬಾಲವನವನ್ನೂ ನೆನಪು ಮಾಡಿಕೊಳ್ಳಿ. ಶಿವರಾಮ ಕಾರಂತರು ಅಲ್ಲಿ ಮಕ್ಕಳನ್ನು ಕಟ್ಟಿಕೊಂಡು ಏನೆಲ್ಲ ಮಾಡಿಸುತ್ತಿದ್ದರು ಅಂತ ನಮ್ಮ ಯಜಮಾನರು ಹೇಳುತ್ತಿದ್ದರು.

ಕುವೈತಿನಿಂದ · ಮಧ್ಯಾಹ್ನ 1:20

ಟೀಚರ್, ಊರಿನಲ್ಲಿ ಇಲ್ಲದ ಅಪ್ಪಂದಿರನ್ನು ಮರೆಯಬೇಡಿ. ನಿಮ್ಮ ಶಾಲೆಯಲ್ಲೂ ಒಂದಿಬ್ಬರು ಇರುತ್ತಾರೆ. ನಮಗೆ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ದುಬೈಯವರಿಗೆ 2022ರಿಂದ ಶನಿವಾರ, ಭಾನುವಾರ. ಎರಡಕ್ಕೂ ಹೊಂದುವುದು ಶನಿವಾರ. ಊರಿನ ಸಂಜೆ 5 ಗಂಟೆ ಅಂದರೆ ನಮಗೆ ಮಧ್ಯಾಹ್ನ ಎರಡೂವರೆ.

ಒಂದು ಬೇಡಿಕೆ. ವಿಡಿಯೋ ಕಾಲ್ ಮಾಡುವಾಗ ಫೋನನ್ನು ದೊಡ್ಡವರು ಹಿಡಿಯಬೇಡಿ, ಮಗುವಿನ ಕೈಗೆ ಕೊಡಿ. ನನ್ನ ಮಗನ ಶಾಲೆಯಲ್ಲಿ ಹೋದ ವರ್ಷ ಅವನ ಮಾವ ಫೋನ್ ಹಿಡಿದು ಒಂದೇ ನಿಮಿಷದಲ್ಲಿ ಇಡೀ ಕೋಣೆ ತೋರಿಸಿದ. ನನಗೆ ತಲೆ ತಿರುಗಿತೇ ವಿನಾ ಚಿತ್ರ ಕಾಣಲಿಲ್ಲ. ಆಮೇಲೆ ಮಗ ಫೋನ್ ಕಿತ್ತುಕೊಂಡು ತನ್ನ ಚಿತ್ರಕ್ಕೆ ಅಂಟಿಸಿದ ಹಾಗೆ ಹಿಡಿದ. ಹಸಿರು ಬಿಟ್ಟು ಏನೂ ಕಾಣದು. "ಅಪ್ಪ, ಇದು ನಮ್ಮ ಗದ್ದೆ" ಅಂದ. ಐದು ನಿಮಿಷ ಆ ಹಸಿರನ್ನೇ ನೋಡಿದೆ.

ಪಡುಬಿದ್ರಿ ಪುಟ್ಟಿ · 1:34

ಶನಿವಾರ ಬೇಡ ಅಂದದ್ದು ವಾಪಸ್ ತಗೊಂಡೆ. ಶನಿವಾರವೇ ಇಡಿ.

ಹೆಸರು ಬೇಡ · ರಾತ್ರಿ 11:50

ಇದನ್ನು ಬರೆಯಲೋ ಬೇಡವೋ ಅಂತ ನಿನ್ನೆಯಿಂದ ಯೋಚನೆ ಮಾಡಿದೆ. ನಾನು ಮಂಗಳೂರಿನವಳು. ನಾನು ಮತ್ತು ನನ್ನ ಗಂಡ ಬೇರೆ ಬೇರೆ ಇದ್ದೇವೆ. ಮಗಳಿಗೆ ಆರು ವರ್ಷ. ಅವಳ ಶಾಲೆಯಲ್ಲಿ ಚಿತ್ರ ಪ್ರದರ್ಶನ ಇಟ್ಟಾಗ ಅವಳು ಎರಡು ಕರೆಯೋಲೆ ಮಾಡಿದಳು, ಒಂದು ನನಗೆ, ಒಂದು ಅವರಿಗೆ. ಟೀಚರ್ ಒಂದು ಮಾತೂ ಕೇಳದೆ ಎರಡು ಕಾಗದ ಕೊಟ್ಟಿದ್ದರಂತೆ. ಅವಳ ಚಿತ್ರದಲ್ಲಿ ಎರಡು ಮನೆ. ಒಂದರಿಂದ ಇನ್ನೊಂದಕ್ಕೆ ಒಂದು ರಸ್ತೆ. ರಸ್ತೆಯ ಮೇಲೆ ಸಿಟಿ ಬಸ್ಸು, ಕಿಟಕಿಯಲ್ಲಿ ಅವಳು. ನಾವಿಬ್ಬರೂ ಅದರ ಎದುರು ನಿಂತೆವು. ಒಂದೂವರೆ ವರ್ಷದ ನಂತರ ವಕೀಲರು ಇಲ್ಲದೆ ಮಾತಾಡಿದ್ದು ಅವತ್ತೇ. "ಬಸ್ಸಿನ ನಂಬರ್ ಸರಿಯಾಗಿ ಹಾಕಿದ್ದಾಳೆ" ಅಂದರು. ಹೌದು ಅಂದೆ. ನಾವು ಮತ್ತೆ ಒಂದಾಗಲಿಲ್ಲ. ಆದರೆ ಈಗ ಶಾಲೆಯ ವಿಷಯಕ್ಕೆ ನೇರ ಫೋನ್ ಮಾಡಿ ಮಾತಾಡುತ್ತೇವೆ.

ಸುರತ್ಕಲ್ ಅಮ್ಮ · ಜೂನ್ 14, ಬೆಳಿಗ್ಗೆ 6:30

ಅಕ್ಕ, ಬರೆದದ್ದು ಒಳ್ಳೆಯದಾಯಿತು.

ಬ್ರಹ್ಮಾವರ ಹುಡುಗಿ · 7:10

ಇದನ್ನು ಓದಿದ ಮೇಲೆ ಒಂದು ಅನಿಸುತ್ತಿದೆ. ಮಕ್ಕಳ ಚಿತ್ರ ನೋಡಿದರೆ ಅವರ ಮನಸ್ಸಿನಲ್ಲಿ ಏನು ಉಂಟು ಅಂತ ಗೊತ್ತಾಗುತ್ತದೆ ಅಲ್ವಾ? ಕಪ್ಪು ಬಣ್ಣ ಜಾಸ್ತಿ ಬಳಿದರೆ ಬೇಸರದಲ್ಲಿದೆ ಅಂತ ಎಲ್ಲೋ ಓದಿದ್ದೆ. ಟೀಚರ್ ಪಕ್ಕದಲ್ಲಿ ನಿಂತು ಪೋಷಕರಿಗೆ ಹಾಗೆ ವಿವರಿಸಿದರೆ ಹೇಗೆ?

ಡ್ರಾಯಿಂಗ್ ಮಾಸ್ಟ್ರು (ನಿವೃತ್ತ) · 7:45

ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಒಂದು ಸಲ ನಾನೇ ಆ ತಪ್ಪು ಮಾಡಿದ್ದೇನೆ. ಕಾಗದ ತುಂಬ ಕಪ್ಪು ಬಳಿದ ಹುಡುಗನ ತಾಯಿಯನ್ನು ಕರೆಸಿ, ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಕೇಳಿದೆ. ಆ ತಾಯಿ ಅಳಲಿಕ್ಕೆ ಶುರು ಮಾಡಿದರು. ಆಮೇಲೆ ಹುಡುಗನನ್ನು ಕೇಳಿದರೆ "ಕರೆಂಟು ಹೋಗಿತ್ತು ಸಾರ್, ನಮ್ಮ ಮನೆ" ಅಂದ. ಆ ತಾಯಿಯ ಮುಖ ಇವತ್ತಿಗೂ ಮರೆತಿಲ್ಲ.

ಚಿತ್ರದ ಅರ್ಥ ಮಗುವನ್ನೇ ಕೇಳಬೇಕು. "ಇದು ಏನು?" ಅಂತಲೂ ಕೇಳಬೇಡಿ, "ಇದರ ಬಗ್ಗೆ ಹೇಳು" ಅನ್ನಿ. ಹೇಳಿದ್ದನ್ನು ಹೇಳಿದ ಹಾಗೇ ಚಿತ್ರದ ಕೆಳಗೆ ಬರೆಯಿರಿ. ತುಳುವಿನಲ್ಲಿ ಹೇಳಿದರೆ ತುಳು, ಕೊಂಕಣಿಯಾದರೆ ಕೊಂಕಣಿ, ಬ್ಯಾರಿಯಾದರೆ ಬ್ಯಾರಿ. ಕನ್ನಡ ಲಿಪಿಯಲ್ಲಿ ಎಲ್ಲವನ್ನೂ ಬರೆಯಬಹುದು.

ಹೆಸರು ಬೇಡ · 8:00

ಮತ್ತೆ ತೂಗುಹಾಕುವ ಮೊದಲು ಮಗುವನ್ನು ಒಂದು ಮಾತು ಕೇಳಿ. ಕೆಲವು ಚಿತ್ರ ಎಲ್ಲರಿಗೂ ತೋರಿಸಲು ಮನಸ್ಸಿರುವುದಿಲ್ಲ. ಯಾರ ಸ್ಟೇಟಸ್ಸಿಗೂ ಹಾಕಬೇಡಿ ಅಂತ ಬಾಗಿಲಲ್ಲೇ ಬರೆದುಹಾಕಿ.

ನಾಡದೋಣಿ ಮನೆ · 8:20

ಯಾರೂ ಬಾರದ ಮಗು ಇದ್ದೇ ಇರುತ್ತದೆ. ಅದಕ್ಕೆ ಮೊದಲೇ ಜನ ನೋಡಿ ಇಡಿ. ಶಾಲೆಗೆ ನನ್ನ ಮನೆಯಿಂದ ಯಾರೂ ಬಾರದ ದಿನಗಳನ್ನು ನಾನು ಕಂಡಿದ್ದೇನೆ. ಉಳಿದ ಮಕ್ಕಳ ಕೈ ಹಿಡಿದವರನ್ನು ನೋಡುತ್ತಾ ಕಂಬದ ಹತ್ತಿರ ನಿಲ್ಲುವುದು ತುಂಬ ಕಷ್ಟ.

ನಲಿಕಲಿ ಟೀಚರ್ · ಜುಲೈ 20, ಸಂಜೆ 6:10

ದಿನ ಗಟ್ಟಿ ಮಾಡಿದೆವು. ಜುಲೈ ಕೊನೆಯ ಶನಿವಾರ, ಸಂಜೆ 4ರಿಂದ 7. ಬಹುಮಾನ ಇಲ್ಲ, ಭಾಷಣ ಇಲ್ಲ, ಎಲ್ಲ 64 ಮಕ್ಕಳ ಚಿತ್ರವೂ ಇರುತ್ತದೆ. ಕಾವೂರಿನ ಅಣ್ಣ ಕ್ರೇಯಾನ್ ಕಳಿಸಿಕೊಟ್ಟರು. ಕೆಮ್ಮಣ್ಣಿನ ಬಕೆಟ್ಟೂ ಬಂತು. ಒಂದೇ ಭಯ, ಡೀಸಿಯವರು ಮಳೆ ರಜೆ ಕೊಟ್ಟರೆ?

ಪಡುಬಿದ್ರಿ ಪುಟ್ಟಿ · 6:15

ರಜೆ ಇದ್ದರೆ ಮಾರನೇ ದಿನಕ್ಕೆ ಇಡಿ. ಕರೆಯೋಲೆಯಲ್ಲೇ ಬರೆದುಬಿಡಿ.

ನಲಿಕಲಿ ಟೀಚರ್ · ಜುಲೈ ಕೊನೆಯ ಭಾನುವಾರ, ರಾತ್ರಿ 10:05

ಆಯಿತು. ಇನ್ನೂ ಕೈಯೆಲ್ಲ ಅರಿಶಿನ.

ಮೂರೂವರೆಗೆ ಜೋರು ಮಳೆ. ಯಾರೂ ಬರುವುದಿಲ್ಲ ಅಂತ ನಾನೂ ಅಂಗನವಾಡಿ ಟೀಚರೂ ಜಗಲಿಯಲ್ಲಿ ನಿಂತಿದ್ದೆವು. ನಾಲ್ಕು ಗಂಟೆಗೆ ಗೇಟಿನಲ್ಲಿ ಕೊಡೆಗಳು ಕಂಡವು. ಹತ್ತು ಹನ್ನೆರಡು ಜನ ಅಲ್ಲೇ ನಿಂತುಬಿಟ್ಟರು, ದಿನಾ ನಿಲ್ಲುವ ಜಾಗದಲ್ಲೇ. ಯಾರೂ ಒಳಗೆ ಕಾಲಿಡುವುದಿಲ್ಲ. ನಾನು ಕರೆಯಲಿಕ್ಕೆ ಹೊರಡುವಷ್ಟರಲ್ಲಿ ಅಂಗನವಾಡಿಯ ಒಂದು ಪುಟ್ಟಿ ಮಳೆಯಲ್ಲೇ ಓಡಿಹೋಗಿ ಅಜ್ಜನ ಲುಂಗಿ ಹಿಡಿದು ಎಳೆದಳು. ಅವರ ಹಿಂದೆ ಎಲ್ಲರೂ ಬಂದರು.

ಪುಸ್ತಕದಲ್ಲಿ ಸಹಿ ಹಾಕಿದವರು 131. ಹೆಬ್ಬೆಟ್ಟು ಒತ್ತಿದವರು ಆರು ಜನ, ಎಲ್ಲ ಅಜ್ಜಿಯರು. 64 ಮಕ್ಕಳಲ್ಲಿ 57 ಮಕ್ಕಳ ಮನೆಯಿಂದ ಜನ ಬಂದಿದ್ದರು. ಉಳಿದ ಏಳು ಮಕ್ಕಳ ಜೊತೆ ಬಿಸಿಯೂಟದ ಅಕ್ಕಂದಿರು, ಶಾಲಾ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಕೊನೆಯವರೆಗೂ ನಿಂತರು. ಆ ಸಲಹೆ ಕೊಟ್ಟ ಕೆಮ್ಮಣ್ಣಿನ ಅಕ್ಕನಿಗೆ ಎಷ್ಟು ಹೇಳಿದರೂ ಸಾಲದು.

ಒಂದು ಚಿತ್ರದ ಬಗ್ಗೆ ಹೇಳಲೇಬೇಕು. ಎರಡನೇ ಕ್ಲಾಸಿನ ಹುಡುಗಿ ಅಜ್ಜಿ ಬೀಡಿ ಕಟ್ಟುವುದನ್ನು ಬಿಡಿಸಿದ್ದಳು. ಅಜ್ಜಿಯ ತಲೆ ಗೋಲಿಯಷ್ಟು, ಕೈ ಮೊರದಷ್ಟು. ಬೆರಳು ಎಣಿಸಿದರೆ ಒಂದೊಂದು ಕೈಗೆ ಹದಿನಾಲ್ಕು. ಕೆಳಗೆ ಅವಳ ಮಾತು: "ಕಟ್ಟುವಾಗ ಅಜ್ಜಿಗೆ ತುಂಬ ಬೆರಳು." ಅಜ್ಜಿ ಅದನ್ನು ಓದಿಸಿಕೊಂಡರು. ಆಮೇಲೆ ತಮ್ಮ ಎರಡೂ ಕೈಯನ್ನು ಚಿತ್ರದ ಪಕ್ಕಕ್ಕೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಬೆರಳ ತುದಿಯಲ್ಲಿ ಎಲೆಯ ಗೀರು, ತಂಬಾಕಿನ ಕಂದು. "ನನ್ನ ಕೈಯನ್ನು ಯಾರೂ ಇಷ್ಟು ಚಂದ ಮಾಡಲಿಲ್ಲ" ಅಂದರು.

ಬೋಟಿನ ಹುಡುಗನನ್ನು ಕೇಳಿಯೇ ಚಿತ್ರ ಕಟ್ಟಿದ್ದೆ. ಹೂಂ ಅಂದಿದ್ದ. ಅವನ ಅಪ್ಪ ಐದೂವರೆಗೆ ಬಂದರು. ಮೊದಲು ನೋಡಿದ್ದು ಬೋಟಿನ ನಂಬರ್. "ನಂಬರ್ ಸರಿ ಉಂಟು" ಅಂದರು. ಆಮೇಲೆ ವಿಂಚು, ಬಲೆ, ಹಗ್ಗ ಎಲ್ಲ ಬೆರಳಿಟ್ಟು ನೋಡಿದರು, ಸುತ್ತ ನಿಂತ ಮಕ್ಕಳಿಗೆ ವಿವರಿಸಿದರು. ಕೊನೆಗೆ ಆ ಬಾಯಿ ಇಲ್ಲದ ಮನುಷ್ಯ. ಕೆಳಗೆ ಬರೆದದ್ದನ್ನು ಓದಿದರು. ಏನೂ ಹೇಳಲಿಲ್ಲ. ಮಕ್ಕಳ ಸಣ್ಣ ಬೆಂಚಿನ ಮೇಲೆ ಕೂತು ಮಗನನ್ನು ಮಡಿಲಿಗೆ ಎಳೆದುಕೊಂಡರು. ಏಳು ಗಂಟೆಗೆ ನಾವು ಕಿಟಕಿ ಮುಚ್ಚುವವರೆಗೂ ಏಳಲಿಲ್ಲ.

ಇನ್ನೂ ಒಂದು. ದೊಡ್ಡವರಿಗೂ ಒಂದು ಮೇಜು ಇಟ್ಟಿದ್ದೆವು, "ನೀವು ಚಿಕ್ಕವರಿದ್ದಾಗಿನ ಮನೆ ಬಿಡಿಸಿ" ಅಂತ. ಯಾರೂ ಕೂರುವುದಿಲ್ಲ ಅಂದುಕೊಂಡಿದ್ದೆ. 40 ಹಾಳೆ ಮುಗಿಯಿತು. ಮಕ್ಕಳು ಸುತ್ತ ನಿಂತು "ಇಲ್ಲಿ ಯಾರು ಮಲಗುವುದು? ಇಲ್ಲಿ ಎಂತ ಉಂಟು?" ಅಂತ ಕೇಳುತ್ತಿದ್ದವು.

ಖರ್ಚು 820 ರೂಪಾಯಿ. ಅದರಲ್ಲಿ ಜಾಸ್ತಿ ಹೋದದ್ದು ಬನ್ಸ್‌ಗೆ ಮತ್ತು ಚಾಕ್ಕೆ.

ಕಾವೂರು ಅಪ್ಪ · 10:20

ಟೀಚರ್, ನಾನೂ ಬರಬೇಕಿತ್ತು. ಬಹುಮಾನದ ವಿಷಯದಲ್ಲಿ ದೊಡ್ಡ ಮಕ್ಕಳಿಗೆ ಬೇಕು ಅಂತಲೇ ನನಗೆ ಈಗಲೂ ಅನಿಸುತ್ತದೆ. ಇಷ್ಟು ಚಿಕ್ಕವರಿಗೆ ಬೇಡ, ಒಪ್ಪಿದೆ. ಮುಂದಿನ ವರ್ಷದ ಕ್ರೇಯಾನೂ ನನ್ನದೇ.

ಕುವೈತಿನಿಂದ · 10:41

ಫೋನ್ ಯಾರು ಹಿಡಿದರು?

ನಲಿಕಲಿ ಟೀಚರ್ · 10:43

ಮಕ್ಕಳೇ. ಮೂವರು ಅಪ್ಪಂದಿರು ಕಾಲ್‌ನಲ್ಲಿ ಇದ್ದರು. ಒಬ್ಬರು ಮುಕ್ಕಾಲು ಗಂಟೆ ಇದ್ದರು.

ಕಾಪು ಅಜ್ಜಿ (ಮೊಮ್ಮಗಳು ಬರೆದುಕೊಡುವುದು) · ಸೋಮವಾರ, ಬೆಳಿಗ್ಗೆ 7:00

ಆ ಕೈಯ ಚಿತ್ರದ ವಿಷಯ ಮೊಮ್ಮಗಳ ಹತ್ತಿರ ಎರಡು ಸಲ ಓದಿಸಿಕೊಂಡೆ.

ನಲಿಕಲಿ ಟೀಚರ್ · ಸಂಜೆ 5:30

ಒಂದು ಪ್ರಶ್ನೆ ಉಳಿದಿದೆ. ಆ ಬೋಟಿನ ಹುಡುಗನ ಅಪ್ಪ ಇವತ್ತು ಬಂದಿದ್ದರು, ಗೇಟಿನಲ್ಲಿ ನಿಲ್ಲದೆ ನೇರ ಕ್ಲಾಸಿಗೇ. ಚಿತ್ರವನ್ನು ಬೋಟಿನ ಕ್ಯಾಬಿನ್ನಿನಲ್ಲಿ ಅಂಟಿಸಬೇಕಂತೆ. ಆಗಸ್ಟಿನಲ್ಲಿ ಬೋಟು ಹೊರಡುತ್ತದೆ. ಉಪ್ಪು ಗಾಳಿಗೆ ಕಾಗದ ಎಷ್ಟು ದಿನ ಉಳಿಯುತ್ತದೆ? ಲ್ಯಾಮಿನೇಷನ್ ಮಾಡಿಸಲಾ?

ಡ್ರಾಯಿಂಗ್ ಮಾಸ್ಟ್ರು (ನಿವೃತ್ತ) · 5:38

ಬೇಡ! ಕ್ರೇಯಾನ್ ಮೇಣ. ಲ್ಯಾಮಿನೇಷನ್ ಮಿಷನ್ನಿನ ಬಿಸಿಗೆ ಕರಗಿ ಹರಡುತ್ತದೆ. ಕಲರ್ ಜೆರಾಕ್ಸ್ ತೆಗೆಸಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಬೋಟಿಗೆ ಕೊಡಿ. ಅಸಲು ಮನೆಯಲ್ಲಿ ಇರಲಿ.

ನಲಿಕಲಿ ಟೀಚರ್ · 6:15

ಹುಡುಗ ಒಪ್ಪುತ್ತಿಲ್ಲ ಮಾಸ್ಟ್ರೇ. ಅಸಲು ಅಪ್ಪನಿಗೆ, ಜೆರಾಕ್ಸ್ ಅಮ್ಮನಿಗೆ ಅಂತಾನೆ.

ಬೋಟಿನವ · 6:22

ಅಸಲೇ ಕೊಡಿ ಟೀಚರ್. ನಾವು ಬೋಟಿನ ಕಾಗದಪತ್ರ ಇಡುವ ಹಾಗೆ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ನಾಲ್ಕೂ ಅಂಚಿಗೆ ಅಗಲದ ಟೇಪ್ ಎಳೆಯಿರಿ. ಬಿಸಿಲು ಬೀಳದ ಕಡೆ ಅಂಟಿಸಲಿ, ಸ್ಟೇರಿಂಗಿನ ಎದುರು ಬೇಡ, ಮಲಗುವ ಜಾಗದ ಮೇಲೆ. ಒಂದು ಸೀಸನ್ ಪೂರ್ತಿ ಉಳಿಯುತ್ತದೆ.